ಕೈಗವಸು ಕಳಿಸುವುದಿಲ್ಲ

ವಾರ್ಡೊ, ಮಾರ್ಚ್ ೯

ಮ್ಯಾನೇಜರ್ ಹಾಲ್ವರ್ ಅವರಿಗೆ,

ನಿಮ್ಮ ಡ್ರಮ್ಮರ್ ಐವಿನ್ ಇಲ್ಲಿ ಮರೆತುಹೋದ ಉಣ್ಣೆಯ ಕೈಗವಸನ್ನು ಅಂಚೆಗೆ ಹಾಕಿ ಎಂದು ಬರೆದಿದ್ದೀರಿ.

ಹನ್ನೆರಡು ವರ್ಷ ನಿಮ್ಮ ಬ್ಯಾಂಡನ್ನು ಕರೆದೆವು. ನಾರ್ವೆಯ ಉತ್ತರದ ತುದಿಯಲ್ಲಿ ಕೇಳುವವರಿಲ್ಲ ಎಂದು ನೀವು ಪ್ರತಿ ಸಲವೂ ಕಾರ್ಯಕ್ರಮಗಳನ್ನು ಓಸ್ಲೊದಲ್ಲೇ ಮುಗಿಸಿದಿರಿ. ಮೊನ್ನೆ ಬ್ಯಾಂಡಿನ ಹುಡುಗರು ರಜೆಗೆಂದು, ಇಲ್ಲಿ ಗಳಿಗೆ ಹೊತ್ತು ನಿಂತು ಹೋಗುವ ಕರಾವಳಿಯ ಹಡಗಿನಲ್ಲಿ ಬಂದಾಗ, ಇಡೀ ಊರು ಬಂದರಿನಲ್ಲಿ ನಿಂತು ಅವರ ಹಾಡನ್ನು ಅವರಿಗೇ ಹಾಡಿತು. ಐವಿನ್ ಇಳಿದು ಬಂದು ಕೈಗವಸು ಕಳಚಿ, ಮೀನಿನ ಡಬ್ಬ ಬೋರಲು ಹಾಕಿ ಬಾರಿಸಿದ. ಮದುವೆಗೆ ಹೊರಟ ನನ್ನ ತಂಗಿಗೂ ಕಾಯದ ಹಡಗು ಅದು! ಕ್ಯಾಪ್ಟನ್ ಮೇಲಿನಿಂದ ಕೂಗಿದ: "ಹೊತ್ತಾಯ್ತು ಕಣ್ರಯ್ಯಾ... ಹೂಂ, ಇನ್ನೊಂದು ಆಗ್ಲಿ!"

ಕೈಗವಸು ಮರೆತದ್ದಲ್ಲ. "ಇಟ್ಕೊಂಡಿರು ರಾಗ್ನಿ, ಡ್ರಮ್ ತಂದಾಗ ತಗೋತೀನಿ" ಎಂದು ನನ್ನ ಕೈಗೇ ಕೊಟ್ಟು ಹೋದ.

ಸಭಾಂಗಣ ಗುಡಿಸಿಟ್ಟಿದ್ದೇವೆ. ತಾರೀಕು ತಿಳಿಸಿ.

ಇಂತಿ,
ರಾಗ್ನಿ
ಮೀನು ಕಾರ್ಖಾನೆ