ಒಂದರಿಂದ ಲಕ್ಷದವರೆಗೆ

ಮಾರ್ಚ್ 3, ಬೆಳಿಗ್ಗೆ 10
ಇವತ್ತೂ ಹದಿನಾಲ್ಕು ಟೆಸ್ಟ್ ಫೇಲ್, ಪರದೆಯೆಲ್ಲ ಕೆಂಪು. ಡೇಟಾ ಇಟ್ಟು ಹುಡುಕಿಕೊಡುವ ಹ್ಯಾಶ್ ಲೈಬ್ರರಿಯ ಒಳಗನ್ನೆಲ್ಲ ಬದಲಾಯಿಸಿದ್ದಾರೆ. ವೇಗ ಅಳೆಯುವ ಟೆಸ್ಟ್‌ಗಳು ಮಾತ್ರ ನಾನು ಬರೆದ ಹಳೆಯವೇ. ತಂಡದ ಲೀಡ್ ಬಂದರು. ಮಾತಿಗೊಂದು ‘ಆಯ್ತಲ್ವಾ’ ಸೇರಿಸುವವರು. ಸಮಯದ ಮಿತಿ ಸ್ವಲ್ಪ ಏರಿಸಿಬಿಡಿ, ಆಯ್ತಲ್ವಾ ಎಂದರು. ಏರಿಸುವುದೇನು ಮಹಾ ಕೆಲಸ.

ಆದರೆ ಹೊಸ ಕೋಡನ್ನು ಮತ್ತೆ ಮೊದಲಿನಿಂದ ಓದಿದೆ. ಎರಡು ವರ್ಷದ ಹಿಂದೆ ತಮ್ಮ ಬರೆದದ್ದೂ ಇದನ್ನೇ. ಆಗ ಅವನೂ ಇದೇ ತಂಡದಲ್ಲಿದ್ದ. ನಿಧಾನ ಎಂದಿತು ನನ್ನ ಟೆಸ್ಟ್. ಮೀಟಿಂಗ್‌ನಲ್ಲಿ ಓದಿ ಹೇಳಿದವಳೂ ನಾನೇ. ಅವನ ಕೋಡ್ ಮೂಲೆಗೆ ಬಿತ್ತು. ತಿಂಗಳಾಗುತ್ತಲೇ ಕೆಲಸ ಬಿಟ್ಟ. ಅಂದಿನಿಂದ ಮಾತಿಲ್ಲ.

ಮಾರ್ಚ್ 4, ಮಧ್ಯಾಹ್ನ
ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಅಮ್ಮನಿಗೆ ಒಮ್ಮೆ ವಿವರಿಸಿದ್ದೆ — ಹ್ಯಾಶ್ ಎಂದರೆ ಗೂಡುಗಳ ಕಪಾಟು, ಒಂದೇ ಗೂಡಿಗೆ ಎಲ್ಲವನ್ನೂ ತುರುಕಿದರೆ ಹುಡುಕುವುದು ನಿಧಾನ ಎಂದು. ನನ್ನ ಟೆಸ್ಟ್ ಅದರಲ್ಲಿ ಇಡುತ್ತಿದ್ದುದೇನು? ಒಂದು, ಎರಡು, ಮೂರು... ಲಕ್ಷದವರೆಗೆ. ಹಳೆಯ ಲೈಬ್ರರಿಗೆ ಅದು ಹೇಳಿ ಮಾಡಿಸಿದ್ದು: ಒಂದೊಂದಕ್ಕೂ ಒಂದೊಂದು ಗೂಡು. ಆದರೆ ಬಳಸುವವರ ಡೇಟಾ ಯಾವತ್ತು ಹೀಗೆ ಸಾಲಾಗಿ ಬಂದಿದೆ?

ನಿಜದಂಥ ಡೇಟಾ ಹಾಕಿ, ತಮ್ಮನ ಹಳೆಯ ಕೋಡನ್ನೂ ಹುಡುಕಿ ಓಡಿಸಿದೆ. ಅಂದಿನ ಲೈಬ್ರರಿಗೆ 91 ಮಿಲಿಸೆಕೆಂಡ್. ಅವನದಕ್ಕೆ 38. ಮೂರು ಸಲವೂ ಹಾಗೇ. ವಾಶ್‌ರೂಮಿಗೆ ಹೋಗಿ ಅತ್ತೆ.

ಮಾರ್ಚ್ 5
ಲೀಡ್‌ಗೆ ಹೇಳಿದೆ. ಟೆಸ್ಟ್ ತಿದ್ದಿ, ಆದರೆ ಅದರ ಜೊತೆ ತಂಡಕ್ಕೆ ಹೋಗುವ ಟಿಪ್ಪಣಿಯಲ್ಲಿ ಹಳೆಯ ಸುದ್ದಿ ಬೇಡ ಎಂದರು.

“ಎರಡು ವರ್ಷದ ರಿಪೋರ್ಟೆಲ್ಲ ತಪ್ಪು ಅಂತ ನೀವೇ ಬರ್ಕೊಟ್ಟ ಹಾಗಾಗುತ್ತೆ.”

ಈ ಸಲ ‘ಆಯ್ತಲ್ವಾ’ ಇರಲಿಲ್ಲ.

ಮಾರ್ಚ್ 10
ಇಷ್ಟು ದಿನ ಇಲ್ಲಿ ಬರೆಯಲಿಲ್ಲ. ಆ ಟಿಪ್ಪಣಿಯನ್ನೇ ಬರೆದೆ, ಅಳಿಸಿದೆ, ಬರೆದೆ. ನಿನ್ನೆ ಅಮ್ಮನ ಮನೆಗೆ ಹೋದರೆ ಸಿಂಕ್‌ನಲ್ಲಿ ಎರಡು ಲೋಟ. ತಮ್ಮ ಆಗಷ್ಟೇ ಎದ್ದು ಹೋಗಿದ್ದನಂತೆ. ನಾನು ಬರುವ ಸುಳಿವು ಸಿಕ್ಕರೆ ಸಾಕು, ಹೊರಟುಬಿಡುತ್ತಾನೆ. ಅಮ್ಮ ಲೋಟ ತೊಳೆದಳು.

ಇವತ್ತು ತಿದ್ದಿದ ಟೆಸ್ಟನ್ನು ಟಿಪ್ಪಣಿ ಸೇರಿಸಿಯೇ ಕಳಿಸಿದೆ. ‘ಹಳೆಯ ಟೆಸ್ಟ್ ತಪ್ಪು. ಬರೆದವಳು ನಾನು. ಅಂದು ತಿರಸ್ಕರಿಸಿದ ಕೋಡ್ ಸರಿಯಿತ್ತು.’ ಟಿಪ್ಪಣಿಯ ಒಂದು ಪ್ರತಿ ತಮ್ಮನಿಗೂ. ಲೀಡ್ ಆಮೇಲೆ ಮುಖ ಕೊಟ್ಟು ಮಾತಾಡಲಿಲ್ಲ.

ಮಾರ್ಚ್ 11, ಸಂಜೆ 5
ತಮ್ಮನ ಫೋನ್. ಅವನಾಗಿಯೇ.

“ನನಗೆ ಅವತ್ತೇ ಗೊತ್ತಿತ್ತು ಅಕ್ಕ. ನಿನ್ನ ಟೆಸ್ಟ್ ಓದಿದ್ದೆ.”

ಹಾಗಾದರೆ ಮೀಟಿಂಗ್‌ನಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

“ಎಲ್ಲರ ಮುಂದೆ ನಿನ್ನ ಮರ್ಯಾದೆ ತೆಗೀಲಾ? ನೀನೇ ಒಂದ್ಸಲ ಆ ಟೆಸ್ಟ್ ತೆರೆದು ನೋಡ್ತೀಯ ಅಂತ ಕಾದೆ. ಒಂದು ತಿಂಗಳು ಕಾದೆ.”

ಒಂದೇ ಒಂದು ಸಲ ಫೈಲ್ ತೆರೆದಿದ್ದರೆ ಸಾಕಿತ್ತು. ಮೊದಲ ಸಾಲಿನಲ್ಲೇ ಇತ್ತು: ಒಂದರಿಂದ ಲಕ್ಷದವರೆಗೆ.

ಭಾನುವಾರ ಅಮ್ಮನ ಮನೆಯಲ್ಲಿ ಇರ್ತೀಯಾ ಎಂದು ಕೇಳಬೇಕಿತ್ತು. ಅವನು ಫೋನ್ ಇಡಲಿಲ್ಲ. ಈ ಸಲವೂ ಅವನೇ ಕಾಯುತ್ತಿದ್ದಾನೆ ಅನ್ನಿಸಿ ನಾನು ಕೇಳಿಯೇಬಿಟ್ಟೆ.