ಬೀಗರ ಜೊತೆ ಗಾಳದ ಪಂದ್ಯ

ದೇವದುರ್ಗ, ೯-೧-೭೮

ತಮ್ಮ ಗದ್ದೆಪ್ಪನಿಗೆ ಆಶೀರ್ವಾದ. ಗೋಪಮ್ಮನ ಮೊಣಕಾಲು, ಅವ್ವನ ಕೆಮ್ಮು ಹೇಗಿವೆ? ನಿನ್ನೆ ಇಲ್ಲಿನ ಹೊಳೆಯಲ್ಲಿ ಮೀನು ಹಿಡಿಯುವ ಪಂದ್ಯವಿತ್ತು. ಚಳಿಗೆ ನಮ್ಮಿಬ್ಬರನ್ನು ಬಿಟ್ಟು ಎಲ್ಲರ ಬುಟ್ಟಿಯೂ ಖಾಲಿ. ಬೀಗರಿಗೆ ಒಂದು ಗೆಂಡೆ ಮೀನು ಸಿಕ್ಕಿತು, ನನಗೆ ಅದರ ಎರಡರಷ್ಟು ದೊಡ್ಡದು. ತೂಗುವ ಮುಂಚೆ ಮಗಳು ದುರುಗಮ್ಮ ಓಡಿ ಬಂದಳು: "ಯಪ್ಪಾ, ಮಾವ ಸೋತ್ರ ಸಿಟ್ಟಾಗಿ ನನ್ನ ಬಾಣಂತನಕ್ಕ ತವರಿಗಿ ಕಳ್ಸಂಗಿಲ್ಲ!" ಮುಖ ತೊಳೆಯುವ ನೆಪದಲ್ಲಿ ಬಗ್ಗಿ, ನನ್ನ ಮೀನನ್ನು ಹೊಳೆಗೇ ಬಿಟ್ಟೆ. ಗೆದ್ದ ಬೀಗರು, "ಗಾಳ ಹಾಕೋದು ಕಲೀರಿ ಬೀಗರ! ಇರ್ಲಿ, ಮಗಳ್ನ ಕರ್ಕೊಂಡು ಹೋಗ್ರಿ," ಎಂದು ಬೆನ್ನು ತಟ್ಟಿದರು.

ನೆಗಡಿ ಬಿಟ್ಟರೆ ನಾನು ಆರಾಮ. ಸಂಕ್ರಾಂತಿ ಕಳೆದು ಬರುತ್ತೇವೆ. ಪೋತ್ನಾಳಕ್ಕೆ ಬಂಡಿ ತರುತ್ತೀಯೋ ಹೇಗೆ, ಬೇಗ ಬರೆ. ಮೀನಿನ ಸುದ್ದಿ ಮಾತ್ರ ಎತ್ತಬೇಡ. ಇಲ್ಲಿಗೆ ಬಂದ ಕಾರ್ಡನ್ನು ಮೊದಲು ಬೀಗರೇ ಓದುತ್ತಾರೆ.

ನಿನ್ನಣ್ಣ,
ಮೌನಪ್ಪ