ಜೀರಿಗೆ, ಮೆಂತ್ಯ, ಇಂಗು ಎಂಬ ಕುದುರೆಗಳು

ಮಗಳೇ ಅನನ್ಯಾ,

ಸಭೆಯ ಶಿಸ್ತನ್ನು ಮೀರಿ ನನಗೆ ಅಭ್ಯಾಸವಿಲ್ಲ. ಆದ್ದರಿಂದ ನಿನಗೆ ಬರೆದ ಈ ಪತ್ರವನ್ನು ಓದುವ ಮುನ್ನ, ಪರ್ತ್‌ನ ಸದರ್ನ್ ರಿವರ್‌ನಲ್ಲಿರುವ ನಮ್ಮ ಮನೆಯ ಈ ಹಜಾರದಲ್ಲಿ ನೆರೆದಿರುವವರಿಗೆ ವಂದನೆ ಸಲ್ಲಿಸಬೇಕು. ನೀನು ಹೋಗಿ ಒಂದು ತಿಂಗಳು ತುಂಬಿತು. ಅಷ್ಟೂ ದಿನ ಇವರು ಸರದಿಯ ಮೇಲೆ ಅಡುಗೆ ಮಾಡಿ ತಂದರು, ನಿನ್ನ ಅಮ್ಮನ ಪಕ್ಕದಲ್ಲಿ ಕುಳಿತರು. ಅದಕ್ಕೆ ನಾನು ಕೃತಜ್ಞ. ಆದರೆ ಇವರ ಅನುಕಂಪವನ್ನು ಸ್ವೀಕರಿಸಲಾರೆ. ಅದು ದುಃಖಿತನಿಗೆ ಸಲ್ಲಬೇಕಾದದ್ದು. ನನಗೆ ದುಃಖವಿಲ್ಲವೆಂದಲ್ಲ; ಅದರ ತಲೆಯ ಮೇಲೆ ಇನ್ನೊಂದು ಬಂದು ಕುಳಿತಿದೆ. ಅದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ.

ನಾಲ್ಕು ವರ್ಷದ ಹಿಂದಿನ ಆ ಭಾನುವಾರ ನೆನಪಿದೆಯೇ? ನೀನು ಅಡಿಲೇಡಿನಿಂದ ಫೋನ್ ಮಾಡಿದ್ದೆ. ಉತ್ತರದ ಗುಡ್ಡಗಳಿಗೆ ಹೋಗಿ ಬಂದಿದ್ದ ನಿನ್ನ ಉಸಿರು ಇನ್ನೂ ಇಳಿದಿರಲಿಲ್ಲ.

"ಅಪ್ಪಾ, ಐ ಸಾ ವೈಲ್ಡ್ ಹಾರ್ಸಸ್!"

"ಸರಿ. ಮೂರು ನಿಮಿಷ. ವಿಷಯ: ಕಾಡುಕುದುರೆಗಳನ್ನು ಈ ನೆಲದಲ್ಲಿ ಉಳಿಸಬೇಕೇ? ನೀನು ಪರ, ನಾನು ವಿರೋಧ."

"ಇಟ್ಸ್ ನಾಟ್ ಎ ಡಿಬೇಟ್, ಅಪ್ಪಾ. ಐ ಜಸ್ಟ್ ಸಾ ದೆಮ್."

ನಾನು ಬಿಡಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದವನು, ಮೇಲಾಗಿ ಗಣಿಯ ಭೂವಿಜ್ಞಾನಿ. ಅವು ಈ ನೆಲದ ಪ್ರಾಣಿಗಳಲ್ಲ, ಗೊರಸಿನಿಂದ ನೀರಿನ ಹೊಂಡಗಳನ್ನು ಕೆಡಿಸುತ್ತವೆ, ಮಣ್ಣನ್ನು ಸಡಿಲಿಸುತ್ತವೆ ಎಂದು ಸಾಧಿಸಿದೆ. ಗೆದ್ದೆ. ಆಮೇಲೆ ಪ್ರತಿ ಭಾನುವಾರ ಗೆದ್ದೆ. ಎದುರಾಳಿ ಮಾತು ನಿಲ್ಲಿಸಿದ್ದನ್ನು ಗೆಲುವೆಂದು ಎಣಿಸುವವನಿಗೆ ಯಾರು ತಾನೆ ಏನು ಹೇಳಬಲ್ಲರು?

ಕೊನೆಯ ಭಾನುವಾರ, ನೀನು ಗಬ್ಬದ ಕುದುರೆಯೊಂದರ ಮಾತು ಶುರುಮಾಡಿದ್ದೆ. ಮೂರು ನಿಮಿಷವಾಯಿತು ಎಂದೆ ನಾನು. "ಕ್ಯಾನ್ ಐ ಫಿನಿಶ್?" ಎಂದು ನೀನು ಕೇಳಿದೆ. ಮುಂದಿನ ವಾರ ಮುಗಿಸು ಎಂದೆ. ಆ ಶನಿವಾರ, ಗುಡ್ಡದಿಂದ ಮರಳುವ ದಾರಿಯಲ್ಲಿ ಕಾಂಗರೂ ಅಡ್ಡ ಬಂದು, ನಿನ್ನ ಕಾರು...

ಮುಗಿಸದೆ ಉಳಿದ ಆ ಮಾತನ್ನು ನೀನು ಆಗಲೇ ಇನ್ನೊಬ್ಬರಿಗೆ ಹೇಳಿದ್ದೆ. ನಸೀಮಾ ಈಗ ಎರಡನೆಯ ಸಾಲಿನಲ್ಲಿ, ನಿನ್ನ ಅಮ್ಮನ ಹಿಂದೆ ಕುಳಿತಿದ್ದಾಳೆ. ಬೀದರಿನ ಹುಡುಗಿ, ಓದಲು ಬಂದು ಅಡಿಲೇಡಿನ ಪ್ರಾಸ್ಪೆಕ್ಟ್‌ನ ನಿನ್ನ ಮನೆಯಲ್ಲಿ ಇನ್ನೊಂದು ಕೋಣೆ ಹಿಡಿದವಳು, ಅಲ್ಲಿನ ದಿನಸಿ ಅಂಗಡಿಯಲ್ಲಿ ಅರೆಹೊತ್ತು ದುಡಿದವಳು. ಕೆಲಸ ಸಿಕ್ಕಿ ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ಗೆ ಹೋದ ಮೇಲೂ, ಕುದುರೆಗಳು ಮರಿ ಹಾಕುವ ವಸಂತದಲ್ಲಿ ವಿಮಾನ ಹತ್ತಿ ನಿನ್ನ ಬಳಿ ಬರುತ್ತಿದ್ದಳು. ಇದೆಲ್ಲ ನನಗೆ ಗೊತ್ತಾದದ್ದು ನೀನು ಹೋದ ಮೇಲೆ.

ನಿನ್ನ ಹಾರ್ಡ್ ಡಿಸ್ಕ್ ನನ್ನ ಕೈಗೆ ಬಂದ ದಿನ ಅದನ್ನು ತೆರೆದು ಕುಳಿತೆ. ಸಾವಿರಾರು ಚಿತ್ರ, ಒಂದಕ್ಕೂ ಹೆಸರಿಲ್ಲ. ಎಲ್ಲ ಕುದುರೆಗಳೂ ನನಗೆ ಒಂದೇ. ಬೇರೆ ದಾರಿ ಕಾಣದೆ ಅವಳಿಗೆ ಫೋನ್ ಮಾಡಿದೆ.

"ಹಣೆ ಮೇಲೆ ಬಿಳಿ ಚುಕ್ಕೆ ಇರೋದು ಜೀರಿಗೆ, ಅಂಕಲ್. ಕೂದಲ ಸುಳಿ ಎಡಕ್ಕೆ ಇದ್ರೆ ಮೆಂತ್ಯ. ಕಿವಿ ಹಿಂದಕ್ಕೆ ಮಾಡಿ ಎಲ್ಲರನ್ನೂ ಓಡಿಸ್ತಾಳಲ್ಲ, ಆ ಜಗಳಗಂಟಿ ಇಂಗು."

"ಇವೆಂಥ ಹೆಸರುಗಳಮ್ಮಾ?"

"ನಮ್ಮ ಅಂಗಡಿ ಶೆಲ್ಫ್ ನೋಡ್ಕೊಂಡು ಇಟ್ಟಿದ್ಲು. ಸುಳಿ ನೋಡೋದು ನಾನು ಹೇಳ್ಕೊಟ್ಟೆ. ನಮ್ಮ ತಾತ ಟಾಂಗಾ ಹೊಡೀತಿದ್ರು."

"ಅವಳು ನಿನ್ನ ಹತ್ತಿರ ಕನ್ನಡ ಮಾತಾಡ್ತಿದ್ಲಾ?"

"ಬರೀ ಕನ್ನಡಾನೇ! ಬೀದರ್ ಬೈಗುಳಾನೂ ಕಲ್ತ್‌ಬಿಟ್ಟಿದ್ಲು, ಅಂಕಲ್."

ಫೋನ್ ಇಟ್ಟೆ. ಇಪ್ಪತ್ತಾರು ವರ್ಷ ನಾನು ಕನ್ನಡದಲ್ಲಿ ಕೇಳಿದೆ, ನೀನು ಇಂಗ್ಲಿಷಿನಲ್ಲಿ ಉತ್ತರಿಸಿದೆ. ನಿನಗೆ ಬಾರದೆಂದು ನಂಬಿದ್ದೆ. ಬರುತ್ತಿತ್ತು. ಕುದುರೆಗಳಿಗಾಗಿ ಬರುತ್ತಿತ್ತು. ನಾನು ಯಾರ ಮೇಲೆ ಅಸೂಯೆಪಡಲಿ, ಹೇಳು. ಆ ಹುಡುಗಿಯ ಮೇಲೋ, ಆ ಜೀರಿಗೆಯ ಮೇಲೋ?

ಹೋದ ವಾರ ಹಟ ಹಿಡಿದು ನಸೀಮಾಳೊಂದಿಗೆ ಅಲ್ಲಿಗೆ ಹೋದೆ. ದನದ ಫಾರ್ಮೊಂದರ ಹಿಂದಿನ ಗುಡ್ಡದ ಸಾಲು, ಕೆಂಪು ಕಲ್ಲು, ಬೂದು ಬಣ್ಣದ ಪೊದೆ. ನೀನು ಕ್ಯಾಮೆರಾ ಹಿಡಿದು ದಿನವಿಡೀ ಬಾಯಿ ಬಿಡದೆ ಕೂರುತ್ತಿದ್ದ ಬಂಡೆಯನ್ನು ಅವಳು ತೋರಿಸಿದಳು. ದೂರದಲ್ಲಿ ಇಂಗು, ಪಕ್ಕೆಗಳೆರಡೂ ಉಬ್ಬಿದ ಹೊಟ್ಟೆ ಹೊತ್ತು, ಹಿಂಡನ್ನು ಬಿಟ್ಟು ನಿಂತಿತ್ತು. ಹೆರುವ ಮುನ್ನ ಹಾಗೆ ಒಂಟಿಯಾಗುತ್ತವಂತೆ. ಅದು ತಲೆ ಎತ್ತಿ ನಮ್ಮತ್ತ ನೋಡಿತು. ನಿನ್ನನ್ನು ಅಷ್ಟು ಹೊತ್ತು ಹಿಡಿದಿಡುವಂಥದ್ದು ಅದರಲ್ಲಿ ಏನಿತ್ತು? ಕಂಡೇ ತೀರಬೇಕೆಂದು ನಾನು ಮುಂದೆ ನಡೆದೆ. ಇಪ್ಪತ್ತು ಹೆಜ್ಜೆ ಆಗಿತ್ತೋ ಇಲ್ಲವೋ, ಆ ಭಾರದ ಹೊಟ್ಟೆಯನ್ನು ತೂಗಾಡಿಸುತ್ತಾ ಅದು ಗುಡ್ಡ ಹತ್ತಿ ಓಡಿತು.

"ಏನ್ ಮಾಡಿದ್ರಿ ಅಂಕಲ್! ತಲೆ ಎತ್ತಿದ್ರೆ ನಾವು ಹಿಂದೆ ಸರೀಬೇಕು. ಇವತ್ತೋ ನಾಳೆಯೋ ಹೆರೋಳನ್ನ ಓಡಿಸ್ಬಿಟ್ರಲ್ಲ!"

"ನನಗೆ ಯಾರೂ ಹೇಳಲಿಲ್ಲ."

"ನಾಲ್ಕು ವರ್ಷ... ಅನು ಹೇಳ್ಲೇ ಇಲ್ವಾ?"

ಆ ಇಪ್ಪತ್ತು ಹೆಜ್ಜೆಗಳನ್ನು ಹಿಂದಕ್ಕೆ ನಡೆದೆ. ಒಂದು ಮೃಗ ತಲೆ ಎತ್ತಿದರೆ ನೀನು ಹಿಂದೆ ಸರಿಯುತ್ತಿದ್ದೆ. ನೀನು ತಲೆ ಎತ್ತಿದಾಗಲೆಲ್ಲ ನಾನು...

ನಿನಗೊಂದು ಸುದ್ದಿಯಿದೆ. ನಾವು ಮರಳಿದ ಎರಡನೆಯ ದಿನ ಇಂಗು ಮರಿ ಹಾಕಿತು. ಕಂದು ಬಣ್ಣದ ಹೆಣ್ಣುಮರಿ. ಎದ್ದು ನಿಂತು ಹಾಲು ಕುಡಿಯುತ್ತಿದೆಯಂತೆ. ನಾನು ಓಡಿಸಿದ್ದರಿಂದ ಕೇಡೇನೂ ಆಗಲಿಲ್ಲ. ಆದರೆ ಫಾರ್ಮಿನವರು ಈ ಸುದ್ದಿಯನ್ನು ಮೊದಲು ತಿಳಿಸಿದ್ದು ನಸೀಮಾಳಿಗೆ. ಅದಕ್ಕೂ ನನ್ನ ಹೊಟ್ಟೆ ಉರಿಯಿತು.

ಇಲ್ಲಿ ಕುಳಿತವರೆಲ್ಲ ಒಂದು ಮಾತು ಆಡುತ್ತಿದ್ದಾರೆ. ಬ್ರಿಸ್ಬೇನಿನಲ್ಲಿ ನಿನ್ನ ಚಿತ್ರಗಳ ಪ್ರದರ್ಶನ ನಡೆಯಬೇಕಂತೆ. "ಚಿತ್ರಗಳನ್ನ ನಸೀಮಾ ಕೈಗೇ ಕೊಟ್ಬಿಡಿ ಅಂಕಲ್, ಕುದುರೆಗಳ ಹೆಸರು ಗೊತ್ತಿರೋದು ಅವಳೊಬ್ಬಳಿಗೇ" ಎಂದರು. ನಿಜ. ಅದಕ್ಕೇ ಕೊಡುವುದಿಲ್ಲ.

ನನ್ನ ನಿರ್ಧಾರ ಹೀಗಿದೆ. ನಿನ್ನ ಅಮ್ಮನೂ ಇದನ್ನು ಈಗಲೇ ಮೊದಲ ಸಲ ಕೇಳುತ್ತಿದ್ದಾಳೆ. ಗಣಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ಪ್ರಾಸ್ಪೆಕ್ಟ್‌ನ ನಿನ್ನ ಕೋಣೆಯನ್ನು ನನ್ನ ಹೆಸರಿಗೆ ಬರೆಸಿಕೊಂಡಿದ್ದೇನೆ. ಸೋಮವಾರ ಹೊರಡುತ್ತೇನೆ, ಒಬ್ಬನೇ. ಹಿಂಡಿನ ಪ್ರತಿಯೊಂದು ಕುದುರೆಯನ್ನೂ ಯಾರನ್ನೂ ಕೇಳದೆ ಗುರುತಿಸುವ ತನಕ ಒಂದು ಚಿತ್ರವೂ ನನ್ನ ಕೈ ಬಿಟ್ಟು ಹೋಗದು. ಎಷ್ಟು ವಸಂತಗಳು ಬೇಕಾದರೂ ಹಿಡಿಯಲಿ.

ನಸೀಮಾ, ಆ ಹೊಸ ಮರಿಗೆ ನೀನು ಹೆಸರಿಡಬೇಡ. ಅದನ್ನು ನಾನು ಇಡುತ್ತೇನೆ.

ನಿನ್ನ ಅಪ್ಪ